ಒನ್ಸ್ ಮೋರ್ ಅಂದಾಗ ಎದ್ದವಳು

ಲೆಸ್ಟರ್, ಇಂಗ್ಲೆಂಡ್
11 ಆಗಸ್ಟ್ 1974

ದುರುಗಕ್ಕಾ,

ಬೇರೆಯವರ ಬಾಯಿಂದ ಕೇಳಿ ನೀನು ಗಾಬರಿಯಾಗುವುದು ಬೇಡ, ಅದಕ್ಕೆ ನಾನೇ ಬರೆಯುತ್ತಿದ್ದೇನೆ. ಡಾಕ್ಟರ ಮನೆ ಬಿಟ್ಟೆ.

ಜಗಳವಾಡಿ ಬಿಟ್ಟಿದ್ದಲ್ಲ. ಡಾಕ್ಟರ ಹೆಂಡತಿ ಅನ್ನಪೂರ್ಣಮ್ಮನವರು ಕೆಟ್ಟವರಲ್ಲ. ನ್ಯಾಮತಿ ಕ್ಯಾಂಪಿನಲ್ಲಿ ನಮ್ಮ ನಾಟಕ ಕಂಪನಿ ಮುಚ್ಚಿ, ಥಿಯೇಟರಿನ ತಗಡುಗಳನ್ನು ಒಬ್ಬೊಬ್ಬರು ಒಂದೊಂದು ಕಡೆ ಹೊತ್ತುಕೊಂಡು ಹೋದಾಗ, ಮಗು ನೋಡಿಕೊಳ್ಳಲು ಅಂತ ನನ್ನನ್ನು ಇಲ್ಲಿಗೆ ಕರೆತಂದವರು ಅವರೇ. ಈಗ ಆ ಮಗು ಶಾಲೆಗೆ ಹೋಗುತ್ತದೆ. ನನ್ನ ಜೊತೆ ಕನ್ನಡ ಮಾತಾಡಲು ನಾಚುತ್ತದೆ. ಮನೆಗೆ ಯಾರಾದರೂ ಬಂದರೆ ಅನ್ನಪೂರ್ಣಮ್ಮನವರು, "ನಮ್ಮ ಸುಂಕಲಿ ನಾಟಕದಾಗೆ ಹೀರೋಯಿನ್ ಇದ್ಲು ಕಣ್ರೀ. ಒಂದು ಹಾಡು ಹೇಳೇ," ಅನ್ನುವರು. ಪಾತ್ರೆ ತೊಳೆಯುವ ಕೈ ಒರೆಸಿಕೊಂಡು ಬಂದು ಹಾಡಬೇಕು. ಹಾಡು ಮುಗಿಯುವ ಮುಂಚೆಯೇ ಅವರು ಬೇರೆ ಮಾತಿಗೆ ಹೋಗಿರುತ್ತಾರೆ. ಪೂರ್ತಿ ಕೇಳದವರ ಮುಂದೆ ಹಾಡಿದರೆ ಗಂಟಲು ಬೇಗ ದಣಿಯುತ್ತದೆ ಅಕ್ಕಾ.

ಈಗ ಕಾಲುಚೀಲ ಮಾಡುವ ಫ್ಯಾಕ್ಟರಿಯಲ್ಲಿದ್ದೇನೆ. ಶಾಂತಾಬೆನ್ ಅಂತ ಗುಜರಾತಿನ ಹೆಂಗಸು ತನ್ನ ಮನೆಯ ಮಹಡಿಯ ಕೋಣೆ ಕೊಟ್ಟಿದ್ದಾಳೆ. ಒಂದೇ ಕೆಲಸಕ್ಕೆ ಬಿಳಿಯರಿಗೆ ಹೆಚ್ಚು ಕೂಲಿ, ನಮಗೆ ಕಡಿಮೆ ಅಂತ ಗೊತ್ತಾಗಿ ನಾವೆಲ್ಲ ಮಷಿನ್ ನಿಲ್ಲಿಸಿ ಗೇಟಿನ ಹೊರಗೆ ಕೂತಿದ್ದೇವೆ. ಕೂತು ಕೂತು ಬೇಜಾರಾಗಿ ಶಾಂತಾಬೆನ್ "ಏನಾದರೂ ಹಾಡು" ಅಂದಳು. ಕಂಪನಿಯ ಹಾಡು ಹಾಡಿದೆ. ಯಾರಿಗೂ ಅರ್ಥವಾಗಲಿಲ್ಲ, ಎಲ್ಲರೂ ಕೊನೆಯವರೆಗೆ ಕೇಳಿದರು. ಮಾರನೇ ದಿನ ಇದ್ದಲಿನಲ್ಲಿ ಮೀಸೆ ಬರೆದುಕೊಂಡು ಮೇಸ್ತ್ರಿಯ ಪಾತ್ರ ಮಾಡಿದೆ. ಜಗಳೂರಿನಿಂದ ಲಂಗ ಉಟ್ಟುಕೊಂಡು ಬಂದು ಕಂಪನಿ ಸೇರಿದ ಹುಡುಗಿಗೆ ಮೊದಲು ಮೀಸೆ ಬರೆದವಳು ನೀನೇ ಅಲ್ಲವಾ, ನಿನ್ನನ್ನೇ ನೆನೆಸಿಕೊಂಡೆ. ಹೆಂಗಸರು ಬಿದ್ದು ಬಿದ್ದು ನಕ್ಕರು. ಕಿಟಕಿಯಿಂದ ನಿಜವಾದ ಮೇಸ್ತ್ರಿಯೂ ನೋಡಿದ.

ಒಬ್ಬಳು ಬಿಳಿ ಹೆಂಗಸು ನಿಂತು ನೋಡುತ್ತಿದ್ದಳು. ಜೂಡಿತ್ ಅಂತ. ಹೆಂಗಸರೇ ಸೇರಿ ನಾಟಕದ ಮಂಡಳಿ ಮಾಡಿಕೊಂಡಿದ್ದಾರಂತೆ. ನನ್ನನ್ನು ಕರೆದಿದ್ದಾಳೆ. ಹೋಗು ಅಂತಲೋ ಬೇಡ ಅಂತಲೋ ನೀನು ಬರೆಯುವಷ್ಟರಲ್ಲಿ ನಾನು ಹೋಗಿಯೇ ಇರುತ್ತೇನೆ. ಆದರೂ ಬರೆ.

ನಿನ್ನ
ಸುಂಕಲಿ

●

ಹೊನ್ನಾಳಿ
6 ಅಕ್ಟೋಬರ್ 1974

ಸುಂಕಲಿ,

ನಿನ್ನ ಕಾಗದಕ್ಕಿಂತ ಮುಂಚೆ ಸುದ್ದಿ ಬಂದಿತ್ತು. ನಿನ್ನ ಡಾಕ್ಟರ ತಂದೆ ವಿರೂಪಾಕ್ಷಪ್ಪನವರು ಚನ್ನಗಿರಿ ಬಸ್ಸಿನಿಂದ ಇಳಿದವರು ನೇರ ನನ್ನ ಮೆಣಸಿನಕಾಯಿ ಬಜ್ಜಿ ಅಂಗಡಿ ಮುಂದೆ ನಿಂತರು.

"ಏನಮ್ಮಾ ದುರುಗಮ್ಮಾ, ನಿನ್ನ ತಂಗಿ ಫ್ಯಾಕ್ಟರಿ ಮುಂದೆ ಬೀದ್ಯಾಗೆ ಕುಣಿತಾಳಂತಲ್ಲ?"

"ಕುಣಿಯೋದು ಆಕಿ ಕಸುಬಲ್ಲೇನ್ರೀ. ನಿಮ್ಮ ಅಡಿಕೆ ಯಾಪಾರ ಹೆಂಗೋ ಹಂಗೆ."

"ನಮ್ಮ ಮರ್ಯಾದಿ ಏನಾಗ್ಬೇಕು?"

"ಮಂಡಕ್ಕಿ ಕಟ್ಟಿ ಕೊಡ್ಲೇನ್ರೀ, ಇಲ್ಲೇ ತಿಂತೀರೋ?"

ಅಲ್ಲೇ ಕೂತು ತಿಂದರು. ಇನ್ನೊಂದು ಮೆಣಸಿನಕಾಯಿ ಹಾಕಿಸಿಕೊಂಡರು. ಮರ್ಯಾದೆಯ ಮಾತು ಮತ್ತೆ ಬರಲಿಲ್ಲ.

ಅವರ ಮುಂದೆ ನಿನ್ನನ್ನು ಬಿಟ್ಟುಕೊಡಲಿಲ್ಲ. ಆದರೆ ನಿನ್ನ ಹತ್ತಿರ ಹೇಳುತ್ತೇನೆ, ನನಗೆ ಸಮಾಧಾನವಿಲ್ಲ. ಮನೆಯವರ ಜೊತೆ ಇದ್ದರೆ ಕಾಯಿಲೆ ಬಿದ್ದಾಗ ಒಂದು ಲೋಟ ನೀರು ಕೊಡುವವರು ಇರುತ್ತಾರೆ. ನಾಟಕದವರನ್ನು ನಂಬಬೇಡ. ಹೆಂಗಸರೇ ನಡೆಸುವ ನಾಟಕವಾದರೂ ಅಷ್ಟೇ. ಮೊದಲು ಕೇಳು, ಮಾಲೀಕರು ಯಾರು ಅಂತ.

ನಮ್ಮ ಮಾಲೀಕ ಮುರುಗೇಶಪ್ಪ ಈಗ ಚನ್ನಗಿರಿಯಲ್ಲಿ ಟೆಂಟ್ ಸಿನಿಮಾ ಇಟ್ಟಿದ್ದಾನೆ. ನಿನ್ನನ್ನು ಕೇಳಿದ. ಚೆನ್ನಾಗಿದ್ದಾಳೆ ಅಂದೆ.

ದುರುಗಮ್ಮ

●

ಲೆಸ್ಟರ್
21 ಮಾರ್ಚ್ 1976

ಅಕ್ಕಾ,

ನಗಬೇಕು ಅನ್ನಿಸಿದ ದಿನ ಈ ಕಾಗದ ಓದು.

ನೀನು ಕೇಳು ಅಂದಿದ್ದೆ, ಕೇಳಿದೆ. ಇಲ್ಲಿ ಮಾಲೀಕರೇ ಇಲ್ಲವಂತೆ. ಎಲ್ಲರೂ ಸಮ. ಎಲ್ಲರೂ ಸೇರಿ ಪರದೆ ಕಟ್ಟುತ್ತಾರೆ, ಎಲ್ಲರೂ ಸೇರಿ ಲೋಟ ತೊಳೆಯುತ್ತಾರೆ. ನಾಟಕದ ಪ್ರತಿ ಕೂಡ ಇಲ್ಲ. ನೆಲದ ಮೇಲೆ ಸುತ್ತ ಕೂತು ಒಬ್ಬೊಬ್ಬರೂ ತಮ್ಮ ಅವ್ವನ ಕಥೆ ಹೇಳಿ ಅಳುತ್ತಾರೆ, ಆಮೇಲೆ ಅದೇ ನಾಟಕವಾಗುತ್ತದೆ. ನನ್ನ ಸರದಿ ಬಂದಾಗ "ನನ್ನ ಅವ್ವ ಜಗಳೂರಿನಲ್ಲಿ ಕುರಿ ಕಾಯುತ್ತಿದ್ದಳು" ಅಂದೆ. ಜೂಡಿತ್ ಕಣ್ಣು ಒರೆಸಿಕೊಂಡಳು. ಕುರಿ ಕಾಯುವುದರಲ್ಲಿ ಅಳುವುದೇನಿದೆಯೋ ಗೊತ್ತಾಗಲಿಲ್ಲ.

ಈಗ ಒಂದು ಆಯಾಳ ನಾಟಕ ಮಾಡಿದ್ದೇವೆ. ಹಿಂದೆ ದೊರೆಸಾನಿಯರು ಮಕ್ಕಳನ್ನು ನೋಡಿಕೊಳ್ಳಲು ನಮ್ಮ ಹೆಂಗಸರನ್ನು ಹಡಗಿನಲ್ಲಿ ಕರೆತಂದು, ಊರು ಮುಟ್ಟಿದ ಮೇಲೆ ಬಿಟ್ಟುಬಿಡುತ್ತಿದ್ದರಂತೆ. ಹಾಗೆ ಕೈಬಿಟ್ಟ ಆಯಾ ಒಬ್ಬಳು ಬಂದರಿನ ಚಳಿಯಲ್ಲಿ ಜೋಗುಳ ಹಾಡುತ್ತಾ ಸಾಯುತ್ತಾಳೆ. ಅದು ನನ್ನ ಪಾತ್ರ. ಜೋಗುಳ ಕನ್ನಡದಲ್ಲೇ ಹಾಡು ಅಂದರು.

ಚರ್ಚಿನ ಹಿಂದಿನ ಹಾಲಿನಲ್ಲಿ ಮೊದಲ ಆಟ. ಇಲ್ಲಿ ಜನ ಉಸಿರು ಬಿಡದೆ ಕೂರುತ್ತಾರೆ. ಕೆಮ್ಮು ಬಂದರೂ ನುಂಗುತ್ತಾರೆ. ಒಂದು ಶಿಳ್ಳೆ ಇಲ್ಲ. ಪಾತ್ರ ಕೆಟ್ಟಿತು ಅಂದುಕೊಂಡೇ ಸತ್ತೆ. ದೀಪ ಆರಬೇಕಿತ್ತು. ಅಷ್ಟರಲ್ಲಿ ಶಾಂತಾಬೆನ್, "ಒನ್ಸ್ ಮೋರ್!" ಅಂತ ಕೂಗಿಬಿಟ್ಟಳು. ಅವರ ಗುಜರಾತಿ ನಾಟಕದಲ್ಲೂ ಕೂಗುತ್ತಾರಂತೆ. ಅಕ್ಕಾ, ನಾನು ಯೋಚನೆ ಮಾಡಲಿಲ್ಲ. ಮೈಯೇ ಎದ್ದಿತು. ಎದ್ದು ನಿಂತು, ಸೆರಗು ಸರಿ ಮಾಡಿಕೊಂಡು, ಜೋಗುಳದ ಕೊನೆಯ ನುಡಿ ಮತ್ತೆ ಹಾಡಿ, ಮತ್ತೆ ಸತ್ತೆ. ಫ್ಯಾಕ್ಟರಿಯ ಹೆಂಗಸರೆಲ್ಲ ಸೇರಿ ಇನ್ನೊಮ್ಮೆ ಕೂಗಿದರು. ಇನ್ನೊಮ್ಮೆ ಎದ್ದೆ.

ಆಮೇಲೆ ನೋಡುತ್ತೇನೆ, ಬಿಳಿಯರು ಅಳುತ್ತಿದ್ದಾರೆ. ಜೂಡಿತ್ ಬಂದು ತಬ್ಬಿಕೊಂಡು, "ಇದನ್ನು ಹೇಗೆ ಯೋಚಿಸಿದೆ?" ಅಂದಳು. ಪೇಪರಿನಲ್ಲಿ ಬಂತು. ಸಾಮ್ರಾಜ್ಯ ಆ ಆಯಾಳನ್ನು ನೆಮ್ಮದಿಯಾಗಿ ಸಾಯಲೂ ಬಿಡುವುದಿಲ್ಲ, ಎಬ್ಬಿಸಿ ಎಬ್ಬಿಸಿ ದುಡಿಸಿಕೊಳ್ಳುತ್ತದೆ, ಹೆಣ್ಣಿನ ಮೈ ಅವಳದ್ದಲ್ಲ ಅನ್ನುವುದನ್ನು ಇಷ್ಟು ಕಟುವಾಗಿ ಯಾರೂ ತೋರಿಸಿಲ್ಲ ಅಂತ.

ಅದು ಬರೀ ಕಂಪನಿ ಅಭ್ಯಾಸ ಅಂತ ಹೇಳಬೇಕಿತ್ತು. ಹೇಳಲು ಬಾಯಿ ತೆರೆದೆ, ಅಷ್ಟರಲ್ಲಿ ಇನ್ನೊಬ್ಬಳು ಬಂದು ಕೈ ಹಿಡಿದುಕೊಂಡು ಅತ್ತಳು. ಬಿಟ್ಟೆ. ಈಗ ದಿನಾ ಮೂರು ಸಲ ಏಳುವುದು ಅಂತ ನಿಗದಿಯಾಗಿದೆ. ಒನ್ಸ್ ಮೋರ್ ಅನ್ನಲು ನಮ್ಮವರಲ್ಲೇ ಒಬ್ಬಳನ್ನು ಜನರ ಮಧ್ಯೆ ಕೂರಿಸುತ್ತಾರೆ.

ಚನ್ನಗಿರಿ ಕ್ಯಾಂಪಿನಲ್ಲಿ ಮೂರು ಸಲ ಎಬ್ಬಿಸಿದ್ದರಲ್ಲ, ಅದಾದ ಮೇಲೆ ಇಲ್ಲಿಯೇ. ಆ ಕ್ಯಾಂಪಿನಲ್ಲಿ ಕಾಮಾಲೆಯಾಗಿ ಮಲಗಿದ್ದು ಬಿಟ್ಟರೆ ಅಂಥ ಹೆಸರು ನನಗೆ ಬೇರೆಲ್ಲೂ ಬರಲಿಲ್ಲ.

ಸುಂಕಲಿ

●

ಹೊನ್ನಾಳಿ
13 ಜೂನ್ 1976

ಸುಂಕಲಿ,

ಕಾಗದ ಓದಿದೆ. ಬಸ್ ಕಂಡಕ್ಟರ್ ರೇವಣ್ಣ ಕೇಳಿದ ಅಂತ ಅವನಿಗೂ ಓದಿ ಹೇಳಿದೆ.

"ನೋಡಬೇ ದುರುಗಕ್ಕಾ, ಇನ್ನೂರು ವರ್ಸ ನಮ್ಮನ್ನ ಆಳಿದ್ರು, ಒನ್ಸ್ ಮೋರ್ ಅನ್ನಾಕೆ ನಾವೇ ಕಲಿಸ್ಬೇಕಾತು," ಅಂದ. ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ನಾನು ನಗಲಿಲ್ಲ. ಎಣ್ಣೆಯಲ್ಲಿ ಮೆಣಸಿನಕಾಯಿ ಇತ್ತು.

ಒಂದು ಮಾತು. ಆಯಾಳನ್ನು ಕರೆತಂದು ಬಿಟ್ಟ ದೊರೆಸಾನಿ ಅಂದರೆ ಅನ್ನಪೂರ್ಣಮ್ಮನವರೇ ಅಂತ ನನಗೆ ತಿಳಿಯುತ್ತದೆ. ಅನ್ನ ಹಾಕಿದವರನ್ನು ಊರ ಮುಂದೆ ಆಡಬೇಡ. ಅವರು ನಿನ್ನನ್ನು ಬಿಡಲಿಲ್ಲ, ನೀನು ಅವರನ್ನು ಬಿಟ್ಟಿದ್ದು.

ಚನ್ನಗಿರಿಯ ಬಗ್ಗೆ ಬರೆದದ್ದನ್ನೂ ಓದಿದೆ. ಅದಕ್ಕೆ ನಾನು ಏನೂ ಬರೆಯುವುದಿಲ್ಲ.

ಚಳಿಗೆ ಎದೆಗೆ ಎಣ್ಣೆ ಹಚ್ಚಿಕೋ.

ದುರುಗಮ್ಮ

●

ಬ್ರಾಡ್‌ಫರ್ಡ್
25 ನವೆಂಬರ್ 1979

ಅಕ್ಕಾ,

ನೀನು ಕಾಗದ ಬರೆಯುವುದು ಕಡಿಮೆ ಮಾಡಿದ್ದೀ. ನಾನೂ ಅಷ್ಟೇ. ಊರೂರು ಸುತ್ತುತ್ತೇವೆ, ಯಾವ ಊರಿನಿಂದ ಹಾಕುವುದು ಅಂತಲೇ ಗೊತ್ತಾಗುವುದಿಲ್ಲ. ಈಗ ಬರೆಯುತ್ತಿರುವುದು ವ್ಯಾನಿನ ಹಿಂದಿನ ಸೀಟಿನಲ್ಲಿ, ಪೆಟ್ಟಿಗೆಗಳ ಮಧ್ಯೆ. ಕಂಪನಿಯ ಲಾರಿ ಹೀಗೇ ಇತ್ತು. ಅಲ್ಲಿ ನಿನ್ನ ತೊಡೆ ಇತ್ತು ಮಲಗಲು, ಇಲ್ಲಿ ಪರ್ಲ್ ಇದ್ದಾಳೆ. ಜಮೈಕಾದಿಂದ ಬಂದವಳು, ಹಡಗಿನ ಅಡುಗೆಯವಳ ಪಾತ್ರ ಮಾಡುತ್ತಾಳೆ. ನನ್ನ ಇಂಗ್ಲಿಷ್ ಅವಳಿಗೆ ತಿಳಿಯುತ್ತದೆ, ಅವಳದು ನನಗೆ. ಬೇರೆಯವರಿಗೆ ನಮ್ಮಿಬ್ಬರದೂ ತಿಳಿಯುವುದಿಲ್ಲ.

ಅದೇ ನಾಟಕ. ಬೇರೆ ಎರಡು ನಾಟಕ ಮಾಡಿ ನೋಡಿದೆವು. ಒಂದರಲ್ಲಿ ನಾನು ನಕ್ಕು ನಗಿಸಿದ್ದೆ. ಯಾರೂ ಕರೆಯಲಿಲ್ಲ. ಎಲ್ಲಿ ಹೋದರೂ ಆಯಾ ಬೇಕು, ಅವಳು ಸಾಯಬೇಕು, ಏಳಬೇಕು. ಸಾಯುವುದು ಕಷ್ಟವಲ್ಲ, ನಿನಗೆ ಗೊತ್ತು. ಏಳುವುದು ಕಷ್ಟ. ಮಂಡಿ ಊದಿಕೊಳ್ಳುತ್ತದೆ. ಬಿದ್ದಲ್ಲಿಂದ ಏಳುವಾಗ ನಾನು ನಡುಗುವುದನ್ನೂ ಅವರು ಅಭಿನಯ ಅಂದುಕೊಳ್ಳುತ್ತಾರೆ.

ಹೋದ ವಾರ ಕಾಲೇಜಿನಿಂದ ಒಬ್ಬಳು ಹುಡುಗಿ ಟೇಪ್ ರೆಕಾರ್ಡರ್ ಹಿಡಿದುಕೊಂಡು ಬಂದಳು. "ಮೂರನೆಯ ಸಲ ಏಳುವುದು ಸ್ವಾತಂತ್ರ್ಯದ ನಂತರದ ಇಂಡಿಯಾ ಅಲ್ಲವೇ?" ಅಂತ ಕೇಳಿದಳು. ಹೌದು ಅಂದೆ. "ಹಾಗಾದರೆ ಕೊನೆಯ ಸಾವು?" ಅಂದಳು. ಅದನ್ನು ನೀವೇ ಯೋಚಿಸಬೇಕು ಅಂದೆ. ಬಹಳ ಸಂತೋಷಪಟ್ಟು ಬರೆದುಕೊಂಡಳು. ಪರ್ಲ್ ಪರದೆಯ ಹಿಂದೆ ಬಾಯಿಗೆ ಬಟ್ಟೆ ತುರುಕಿಕೊಂಡು ನಗುತ್ತಿದ್ದಳು.

ಮೊದಮೊದಲು ನನಗೂ ನಗು ಬರುತ್ತಿತ್ತು. ಈಗ ಸುಳ್ಳು ಹೇಳಿ ಹೇಳಿ ಬಾಯಿ ಒಣಗಿದೆ. ನಾನು ಮಾಡುವುದು ಒಂದು, ಅವರು ನೋಡುವುದು ಇನ್ನೊಂದು. ಸಾಕಾಗಿದೆ ಅಕ್ಕಾ. ಆದರೆ ನಾನು ಬಿಟ್ಟರೆ ಈ ಐವರ ಊಟ ನಿಲ್ಲುತ್ತದೆ. ಮಾಲೀಕರಿಲ್ಲದ ಕಂಪನಿಯಲ್ಲಿ ಬೈಯಲಿಕ್ಕೂ ಯಾರೂ ಸಿಗುವುದಿಲ್ಲ.

ಸುಂಕಲಿ

●

ಹೊನ್ನಾಳಿ
8 ಫೆಬ್ರವರಿ 1981

ಸುಂಕಲಿ,

ಮುರುಗೇಶಪ್ಪ ಬಂದಿದ್ದ. ಕೋಲು ಹಿಡಿದಿದ್ದಾನೆ. ಅಂಗಡಿ ಬೆಂಚಿನ ಮೇಲೆ ಕೂತು ಹೇಳಿದ್ದನ್ನು ಹಾಗೇ ಬರೆಯುತ್ತೇನೆ.

"ದುರುಗೀ, ಆಕಿಗೊಂದು ಕಾಗದ ಹಾಕು. ನಮ್ಮಪ್ಪ ಕಂಪನಿ ಕಟ್ಟಿ ಐವತ್ತು ವರ್ಸ ಆತು. ಮಳೆಗಾಲ ಮುಗಿದ ಮ್ಯಾಲೆ ಚನ್ನಗಿರಿಯಾಗೆ ಒಂದು ಆಟ ಇಡಾನ ಅಂತ. ಲಂಡನ್ ಸುಂಕಲಮ್ಮ ಅಂತ ಪೋಸ್ಟರ್ ಹಾಕಿದ್ರೆ ಜಗಳೂರಿಂದ್ಲೂ ಬಸ್ ಮಾಡ್ಕೊಂಡು ಬರ್ತಾರೆ ಜನ."

"ಆಕಿ ಇರೋದು ಲಂಡನ್ನಾಗಲ್ಲ, ಲೆಸ್ಟರ್ನಾಗೆ."

"ಅಲ್ಲೇ ಮಗ್ಗಲಾಗೆ ಇರ್ತೈತೆ ಬಿಡು."

"ಯಾವ ನಾಟಕ?"

"ಇನ್ಯಾವುದೇ? ಅದೇ, ವಿಷ ಕುಡಿಯೋ ಸೊಸಿ ಪಾತ್ರ. ಆಕಿ ಸಾಯೋದು ನೋಡಾಕೇ ಅಲ್ವೇನು ಜನ ಬರ್ತಿದ್ದಿದ್ದು."

ನನಗೂ ಒಂದು ಪಾತ್ರ ಕೊಡುತ್ತಾನಂತೆ, ಹಳೆಯ ಅತ್ತೆಯ ಪಾತ್ರವೇ. ನಾನು ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ನಿನಗೆ ಬರೆಯುತ್ತೇನೆ ಅಂದೆ. ಬರೆದಿದ್ದೇನೆ. ಬಾ ಅಂತ ನಾನು ಬರೆಯುವುದಿಲ್ಲ. ಬರಬೇಡ ಅಂತಲೂ ಬರೆಯುವುದಿಲ್ಲ.

ದುರುಗಮ್ಮ

●

ಲೆಸ್ಟರ್
15 ಮಾರ್ಚ್ 1981

ಅಕ್ಕಾ,

ನಿನ್ನ ಕಾಗದ ಓದಿ ಮೊದಲು ಕುಣಿದಾಡಿದೆ, ಕೊನೆಯ ಎರಡು ಸಾಲು ಓದಿ ಕೂತುಬಿಟ್ಟೆ. ಬಾ ಅಂತ ಬರೆಯಲು ನಿನ್ನ ಕೈಗೆ ಏನಾಗಿತ್ತು?

ನಾನು ಬರುತ್ತೇನೆ. ಮಾಲೀಕರಿಗೆ ಹೇಳು. ಇಲ್ಲಿ ನಾನು ಸಾಯುವುದೆಲ್ಲ ಸುಳ್ಳು. ಅವರು ಅಳುತ್ತಾರೆ, ನನಗೆ ಯಾಕೆ ಅಂತ ಗೊತ್ತಾಗುವುದಿಲ್ಲ. ಚನ್ನಗಿರಿಯವರಿಗೆ ನನ್ನ ಹಾಡು ಇಷ್ಟವಾಗಿ ಕೂಗುತ್ತಿದ್ದರು, ಅಷ್ಟೇ. ಅದರ ಹಿಂದೆ ಬೇರೆ ಅರ್ಥ ಇರಲಿಲ್ಲ. ಅಂಥ ಜನರ ಮುಂದೆ ಒಂದು ಸಲ ಸಂತೋಷವಾಗಿ ಸತ್ತು, ಸಂತೋಷವಾಗಿ ಎದ್ದು, ಬಣ್ಣ ಒರೆಸಿಬಿಡುತ್ತೇನೆ. ಆಮೇಲೆ ಈ ಕಡೆಯೂ ಬೇಡ, ಆ ಕಡೆಯೂ ಬೇಡ.

ಮಾಲೀಕರ ಮೇಲೆ ನಿನಗೆ ಮೊದಲಿನಿಂದ ಸಿಟ್ಟು. ನನಗೆ ಅವರು ಅಪ್ಪನ ಹಾಗೆ ಇದ್ದರು. ಕಾಮಾಲೆಯಾದಾಗ ಆಸ್ಪತ್ರೆಗೆ ಮೂಸಂಬಿ ಕಳಿಸಿದವರು ಯಾರು?

ಒಂದು ಮಾತು ಬರೆಯಬಾರದು, ಬರೆಯುತ್ತಿದ್ದೇನೆ. ನಿನಗೆ ಒಂದು ದಿನವೂ ಒನ್ಸ್ ಮೋರ್ ಬರಲಿಲ್ಲ. ಮುದುಕಿ ಪಾತ್ರಕ್ಕೆ ಯಾರು ಕೂಗುತ್ತಾರೆ? ಅದು ಬಂದಾಗ ಮೈ ಏನಾಗುತ್ತದೆ ಅಂತ ನಿನಗೆ ತಿಳಿಯುವುದಿಲ್ಲ. ಅದಕ್ಕೇ ಬಾ ಅನ್ನಲು ನಿನಗೆ ಮನಸ್ಸು ಬರಲಿಲ್ಲ.

ಸುಂಕಲಮ್ಮ

●

ಹೊನ್ನಾಳಿ
19 ಏಪ್ರಿಲ್ 1981

ಸುಂಕಲಿ,

ನನಗೆ ಒನ್ಸ್ ಮೋರ್ ಬರಲಿಲ್ಲ. ನಿಜ. ನನ್ನ ಪಾತ್ರ ಮುಗಿದರೆ ನಾನು ಸೈಡಿನಲ್ಲಿ ನಿಲ್ಲುವವಳು. ಹಾಗೆ ನಿಂತು ನೋಡಿದ್ದನ್ನು ಬರೆಯುತ್ತೇನೆ. ನೀನು ನೆಲದ ಮೇಲೆ ಕಣ್ಣು ಮುಚ್ಚಿ ಮಲಗಿದ್ದೆ, ನಿನಗೆ ಅಷ್ಟು ಕಾಣಿಸಿರಲಿಕ್ಕಿಲ್ಲ.

ಅದು ಕಾಮಾಲೆ ಅಲ್ಲ. ಕಾಮಾಲೆ ಅಂತ ಎಲ್ಲರಿಗೂ ಹೇಳಿದವಳು ನಾನು, ಯಾಕೆಂದರೆ ಗಂಡನಿಲ್ಲದವಳ ಬಸಿರನ್ನು ಆ ಕ್ಯಾಂಪಿನಲ್ಲಿ ಬೇರೆ ಏನಂತ ಹೇಳುವುದು? ಹೇಳಿ ಹೇಳಿ ನಮ್ಮಿಬ್ಬರ ಬಾಯಲ್ಲಿ ಅದು ಕಾಮಾಲೆಯೇ ಆಯಿತು. ಮಗು ಯಾರದ್ದು ಅಂತ ಆಗ ಕೇಳಲಿಲ್ಲ, ಈಗಲೂ ಕೇಳುವುದಿಲ್ಲ.

ಆವತ್ತು ಬೆಳಿಗ್ಗೆಯಿಂದ ನಿನಗೆ ಸೊಂಟ ನೋವು. ಬಣ್ಣ ಹಚ್ಚುವಾಗ ನನ್ನ ಹೆಗಲು ಹಿಡಿದುಕೊಂಡಿದ್ದೆ. ವಿಷ ಕುಡಿಯುವ ದೃಶ್ಯದಲ್ಲಿ ನೀನು ಬಿದ್ದದ್ದು ಪಾತ್ರದ ಬೀಳುವಿಕೆಯಲ್ಲ. ನಾನು ಎಷ್ಟು ಆಟ ನೋಡಿಲ್ಲ. ನಿನ್ನ ಬಿಳಿ ಸೀರೆಯ ಹಿಂದೆ ಕೆಂಪು ಹರಡುತ್ತಿತ್ತು. ಮುಂದೆ ಕೂತವರಿಗೆ ಕಾಣುವ ಹಾಗಿರಲಿಲ್ಲ, ಸೈಡಿಗೆ ಕಾಣುತ್ತಿತ್ತು. ಜನ ಒನ್ಸ್ ಮೋರ್ ಅಂತ ಎದ್ದು ನಿಂತರು. ನಾನು ಪರದೆಯ ಹಗ್ಗ ಹಿಡಿದೆ. ಮುರುಗೇಶಪ್ಪ ನನ್ನ ಕೈ ಕಿತ್ತು ಹಾಕಿದ.

"ಹಗ್ಗ ಮುಟ್ಟಬ್ಯಾಡ. ಜನ ಕರಿತಾ ಅವ್ರೆ."

"ಆಕಿ ಏಳಾಂಗಿಲ್ರೀ. ರಕ್ತ ಹೋಗಾಕತ್ತೈತೆ, ಕಣ್ಣು ಕಾಣ್ತಿಲ್ವೇನ್ರೀ ನಿಮಗೆ?"

"ಕಾಣ್ತೈತೆ. ಸುಂಕಲೀ, ಏಳವ್ವಾ. ಒಂದೇ ಸಲ. ನನ್ನವ್ವ ಅಲ್ವಾ, ಏಳು."

ನೀನು ಎದ್ದೆ. ಒಂದೇ ಸಲ ಅಂತ ಮೂರು ಸಲ ಎಬ್ಬಿಸಿದ. ಮೂರನೆಯ ಸಲ ನೀನು ಹಾಡಲಿಲ್ಲ, ಬಾಯಿ ಮಾತ್ರ ಆಡಿಸಿದೆ. ಜನ ಅದಕ್ಕೂ ಚಪ್ಪಾಳೆ ಹೊಡೆದರು. ಪರದೆ ಬಿದ್ದ ಮೇಲೆ ಆ ಹಲಗೆಗಳನ್ನು ತೊಳೆದವಳು ನಾನು. ಆಸ್ಪತ್ರೆಯಲ್ಲಿ ನಿನಗೆ ಎಚ್ಚರವಾದಾಗ ಮಗುವನ್ನು ಕೇಳಲಿಲ್ಲ. "ಎಷ್ಟು ಸಲ ಕೂಗಿದ್ರಕ್ಕಾ?" ಅಂತ ಕೇಳಿದೆ. ಮೂರು ಅಂದೆ. ನಕ್ಕೆ ನೀನು. ಮೂಸಂಬಿ ಆಮೇಲೆ ಬಂತು.

ನಿನ್ನ ಇಂಗ್ಲಿಷ್ ಪೇಪರಿನವನು ಏನೋ ಬರೆದ ಅಂತ ನೀನು ನಗುತ್ತಾ ಬರೆದಿದ್ದೆ. ಅವನಿಗೆ ನೀನು ಯಾವ ಸುಳ್ಳೂ ಹೇಳಿಲ್ಲ. ಅವನು ಕಂಡದ್ದು ಸರಿಯಾಗಿಯೇ ಇತ್ತು.

ಈಗ ಹೇಳು, ಚನ್ನಗಿರಿಗೆ ಬಂದು ಅದೇ ಪಾತ್ರ ಮಾಡುತ್ತೀಯಾ? ಬರುವುದಾದರೆ ಬಾ. ನನ್ನ ಮನೆಯ ಬಾಗಿಲಿಗೆ ಅಗುಳಿ ಇಲ್ಲ.

ದುರುಗಕ್ಕ

●

ಹೊನ್ನಾಳಿ
22 ನವೆಂಬರ್ 1981

ಸುಂಕಲಿ,

ಏಪ್ರಿಲ್‌ನಲ್ಲಿ ಹಾಕಿದ ಕಾಗದ ಮುಟ್ಟಿತೋ ಇಲ್ಲವೋ. ಮುಟ್ಟದಿದ್ದರೆ ಒಳ್ಳೆಯದು ಅಂತ ಒಂದೊಂದು ದಿನ ಅನ್ನಿಸುತ್ತದೆ.

ಚನ್ನಗಿರಿಯಲ್ಲಿ ಆಟ ಆಯಿತು. ಪೋಸ್ಟರಿನಲ್ಲಿ ನಿನ್ನ ಹೆಸರಿನ ಮೇಲೆ ಬೇರೆ ಕಾಗದ ಅಂಟಿಸಿದ್ದರು. ಆ ಪಾತ್ರಕ್ಕೆ ಯಾರೋ ಹುಡುಗಿಯನ್ನು ತಂದಿದ್ದರಂತೆ. ನಾನು ಹೋಗಲಿಲ್ಲ. ಜಗಳೂರಿನಿಂದ ನಿಮ್ಮ ಕೇರಿಯ ಅಜ್ಜಮ್ಮ ಬಂದವಳು, ನೀನು ಬಂದಿಲ್ಲ ಅಂತ ತಿಳಿದು ನನ್ನಲ್ಲಿ ಉಂಡು ಹೋದಳು. "ಆಕಿ ಹೆಂಗವ್ಳೆ?" ಅಂತ ಕೇಳಿದಳು. ಏನಂತ ಹೇಳಲಿ?

ಎರಡು ಸಾಲು ಬರೆ. ಬೈದಾದರೂ ಬರೆ.

ದುರುಗಕ್ಕ

●

ಲೆಸ್ಟರ್
6 ಜೂನ್ 1982

ಅಕ್ಕಾ,

ಕಾಗದ ಮುಟ್ಟಿತ್ತು. ಎರಡೂ ಮುಟ್ಟಿದವು.

ಮೊದಲಿನದನ್ನು ವ್ಯಾನಿನಲ್ಲಿ ಓದಿದೆ. ಓದಿ ಮಡಿಚಿ ಬ್ಲೌಸಿನಲ್ಲಿ ಇಟ್ಟುಕೊಂಡು ಆವತ್ತೂ ಆಟ ಮಾಡಿದೆ. ಮೂರು ಸಲ ಎದ್ದೆ. ಮಾರನೇ ದಿನವೂ ಎದ್ದೆ. ತಿಂಗಳುಗಟ್ಟಲೆ ಹೀಗೇ. ನಿನಗೆ ಸುಳ್ಳು ಯಾಕೆ ಹೇಳಲಿ, ಕಾಗದ ಓದಿದ ತಕ್ಷಣ ನಾನೇನೂ ಬದಲಾಗಲಿಲ್ಲ. ದುರುಗಕ್ಕನಿಗೆ ವಯಸ್ಸಾಯಿತು, ಯಾರದೋ ಕಥೆಯನ್ನು ನನ್ನದಕ್ಕೆ ಸೇರಿಸಿ ಬರೆದಿದ್ದಾಳೆ ಅಂದುಕೊಂಡೆ. ಆದರೆ ನಿನ್ನ ಹೆಗಲು ಹಿಡಿದದ್ದು ಕೈಗೆ ಗೊತ್ತಿತ್ತು.

ಈ ಫೆಬ್ರವರಿಯಲ್ಲಿ ಒಂದು ದೊಡ್ಡ ಹಾಲಿನಲ್ಲಿ ಆಟ. ಒನ್ಸ್ ಮೋರ್ ಕೂಗುವ ಸರದಿ ಆವತ್ತು ಪರ್ಲ್‌ದು. ಸತ್ತೆ. ಪರ್ಲ್ ಕೂಗಿದಳು. ಏಳಲಿಲ್ಲ. ಏಳಬಾರದು ಅಂತ ನಿಶ್ಚಯ ಮಾಡಿದ್ದೆ ಅಂತಲ್ಲ. ಅವತ್ತು ಮೊದಲ ಸಲ ಲೆಸ್ಟರಿನಲ್ಲಿ ಮೈ ತಾನಾಗಿ ಎದ್ದಿತ್ತಲ್ಲ, ಈಗ ತಾನಾಗಿ ಏಳಲಿಲ್ಲ. ಪರ್ಲ್ ಮತ್ತೆ ಕೂಗಿದಳು. ಮತ್ತೆ ಕೂಗುವಾಗ ಅವಳ ದನಿ ಹೆದರಿತ್ತು. ದೀಪದವಳಿಗೆ ಆರಿಸಬೇಕೋ ಬೇಡವೋ ಗೊತ್ತಾಗಲಿಲ್ಲ. ಅಷ್ಟು ಜನ, ಅಷ್ಟು ಬೆಳಕು, ಒಂದು ಸದ್ದಿಲ್ಲ. ಹಲಗೆ ತಣ್ಣಗಿತ್ತು. ನಾನು ಮಲಗಿದ್ದೆ. ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ಮಲಗಿದ್ದೆ ಅಂತ ಪರ್ಲ್ ಆಮೇಲೆ ಹೇಳಿದಳು.

ಕೊನೆಗೆ ಪರ್ಲ್ ಜನರ ಮಧ್ಯದಿಂದ ಎದ್ದು ಬಂದು, ತನ್ನ ಕೋಟು ಬಿಚ್ಚಿ ನನ್ನ ಮೇಲೆ ಹೊದಿಸಿ, ಪಕ್ಕದಲ್ಲಿ ಕೂತಳು. ಜನ ಒಬ್ಬೊಬ್ಬರೇ ಎದ್ದು, ಸದ್ದು ಮಾಡದೆ ಹೋದರು.

ನಾಟಕ ಕೆಡಿಸಿದೆ ಅಂತ ಜೂಡಿತ್ ಬೈಯುತ್ತಾಳೆ ಅಂದುಕೊಂಡೆ. ಅವಳು ಓಡಿ ಬಂದು, "ಇಷ್ಟು ವರ್ಷದಲ್ಲಿ ಇದೇ ನಿಜವಾದ ಕೊನೆ. ಅವಳು ಏಳುವುದಿಲ್ಲ! ನಿರಾಕರಿಸುತ್ತಾಳೆ! ಕೋಟೂ ಇರಲಿ. ನಾಳೆಯೂ ಹೀಗೇ ಮಾಡೋಣ," ಅಂದಳು. ಅವಳ ಕಣ್ಣಲ್ಲಿ ನೀರಿತ್ತು. ಒಳ್ಳೆಯ ಹೆಂಗಸು ಅಕ್ಕಾ ಅವಳು.

ನಾಳೆಯೂ ಹೀಗೇ ಅಂದರೆ ಅದೂ ಒನ್ಸ್ ಮೋರೇ ಅಲ್ಲವಾ?

ನಾನು ಅವಳಿಗೆ ನಿನ್ನ ಕಾಗದದಲ್ಲಿದ್ದುದನ್ನೆಲ್ಲ ಹೇಳಿದೆ. ನನ್ನ ಹರುಕು ಇಂಗ್ಲಿಷಿನಲ್ಲಿ, ಮೊದಲಿನಿಂದ ಕೊನೆಯವರೆಗೆ. ಮೊದಲು ಅತ್ತಳು. ಆಮೇಲೆ ಕಣ್ಣು ಒರೆಸಿಕೊಂಡು, "ಇದನ್ನು ನಾಟಕ ಮಾಡಬಹುದಾ ಅಂತ ನಾನು ಕೇಳಬಾರದು, ಅಲ್ಲವಾ?" ಅಂದಳು. ಕೇಳಬೇಡ ಅಂದೆ. ಕೇಳಲಿಲ್ಲ. ಆಯಾಳ ಪಾತ್ರ ಬಿಟ್ಟೆ. ಅವರು ಬೇರೆಯವಳನ್ನು ಹುಡುಕಲಿಲ್ಲ, ಆ ನಾಟಕವನ್ನೇ ನಿಲ್ಲಿಸಿದರು. ಇಬ್ಬರು ಬೇರೆ ಕೆಲಸ ಹುಡುಕಿಕೊಂಡು ಹೋದರು. ಒಬ್ಬಳು ನನ್ನ ಹತ್ತಿರ ಮಾತಾಡುವುದಿಲ್ಲ.

ಈಗ ನಾನೂ ಪರ್ಲೂ ಒಂದು ಆಸ್ಪತ್ರೆಯ ಅಡುಗೆಮನೆಯಲ್ಲಿದ್ದೇವೆ. ವಾರದ ರಜಕ್ಕೆ ಶಾಂತಾಬೆನ್ ಮನೆಯ ಹಿಂದಿನ ಕೋಣೆಯಲ್ಲಿ ಇಬ್ಬರೇ ಒಂದು ಸಣ್ಣ ನಾಟಕ ಮಾಡುತ್ತಿದ್ದೇವೆ. ಇಬ್ಬರು ಮುದುಕಿಯರು ಆಲೂಗಡ್ಡೆ ಸುಲಿಯುತ್ತಾ ಮಾತಾಡುತ್ತಾರೆ. ಅವಳು ಅವಳ ಭಾಷೆ, ನಾನು ಕನ್ನಡ. ಯಾರೂ ಸಾಯುವುದಿಲ್ಲ. ಆದರೆ ನನಗೆ ಬರುತ್ತಿಲ್ಲ ಅಕ್ಕಾ. ಬೆನ್ನು ಬಗ್ಗಿಸಿ ಬಗ್ಗಿಸಿ ನೋಡಿದೆ, ಪರ್ಲ್ ನಗುತ್ತಾಳೆ. ಸಾಯದೆ ಹೇಗೆ ಮುಗಿಸುವುದು ಅಂತ ನನಗೆ ಯಾರೂ ಕಲಿಸಲಿಲ್ಲ. ನೀನು ಇಡೀ ಆಯುಷ್ಯ ಮುದುಕಿ ಪಾತ್ರ ಮಾಡಿದವಳು. ಹೇಗೆ ಅಂತ ಬರೆ.

ನಿನ್ನ
ಸುಂಕಲಿ

●

ಹೊನ್ನಾಳಿ
25 ಜುಲೈ 1982

ಸುಂಕಲಿ,

ಮುದುಕಿ ಪಾತ್ರ ಹೇಗೆ ಅಂತ ಈವರೆಗೆ ನನ್ನನ್ನು ಯಾರೂ ಕೇಳಿರಲಿಲ್ಲ. ಎರಡು ದಿನ ಯೋಚಿಸಿದೆ.

ಬೆನ್ನು ಬಗ್ಗಿಸಬೇಡ. ಅದು ಹರೆಯದವರು ಮಾಡುವ ತಪ್ಪು. ಮುದುಕಿ ನೆಟ್ಟಗೆ ನಿಲ್ಲಲು ನೋಡುತ್ತಾಳೆ, ಆಗುವುದಿಲ್ಲ, ಅಷ್ಟೇ. ನಿನಗೆ ಮಂಡಿ ನೋವು ಇದೆಯಲ್ಲ, ಅದು ಯಾರಿಗೂ ಗೊತ್ತಾಗದ ಹಾಗೆ ನಡೆ. ಜನರಿಗೆ ಗೊತ್ತಾಗುತ್ತದೆ.

ಕೈಗೆ ನಿಜವಾದ ಕೆಲಸ ಕೊಡು. ಆಲೂಗಡ್ಡೆ ಸುಲಿಯುವುದಾದರೆ ನಿಜವಾಗಿ ಸುಲಿ, ಆಮೇಲೆ ಅದರದ್ದೇ ಪಲ್ಯ ಮಾಡಿಕೊಳ್ಳಿ. ಜನರ ಕಡೆ ನೋಡಬೇಡ. ಒಳಗೆ ಒಲೆಯ ಮೇಲೆ ಹಾಲು ಇಟ್ಟು ಬಂದವಳ ಹಾಗೆ, ಒಂದು ಕಿವಿ ಯಾವಾಗಲೂ ಒಳಗಿರಲಿ. ಹಾಡಬೇಕು ಅನ್ನಿಸಿದರೆ ಬಾಯಿ ಬಿಟ್ಟು ಹಾಡಬೇಡ, ಗುನುಗು. ಮಾತು ಮರೆತರೆ ಹೆದರಬೇಡ. ಮುದುಕಿಯರು ಮರೆಯುತ್ತಾರೆ. ಪರ್ಲ್‌ಗೂ ಇದನ್ನು ಹೇಳು. ಅವಳಿಗೆ ಕೋಟು ವಾಪಸು ಕೊಟ್ಟೆಯಾ?

ಇನ್ನು ಮುಗಿಸುವುದು ಕೇಳಿದ್ದೀ. ಅದಕ್ಕೆ ವಿದ್ಯೆ ಏನಿಲ್ಲ. ಕೆಲಸ ಆದ ಮೇಲೆ ಎದ್ದು, ಸಿಪ್ಪೆ ಬಳಿದುಕೊಂಡು, ಒಳಗೆ ಹೋಗು. ನಿಧಾನವಾಗಿ ಹೋಗು. ಯಾರೂ ಕೂಗುವುದಿಲ್ಲ. ಒಳಗೆ ನೀರು ಕುಡಿದು ಗೋಡೆಗೆ ಒರಗಿ ಕೂತುಕೋ. ಮೊದಮೊದಲು ಮನಸ್ಸು ಹೊರಗೇ ಇರುತ್ತದೆ, ಯಾರಾದರೂ ಕರೆದರಾ ಅಂತ. ಆಮೇಲೆ ಇರುವುದಿಲ್ಲ.

ದುರುಗಕ್ಕ